ಎಮ್ಮಿಜಾರದ ಗಂಗಕ್ಕ ಎಂಟು ಹಾಕಿದ್ದು

ನಮ್ಮ ಬಳಗದ ಹೆಸರು ಬಳ್ಳಾರಿ ರಾಕ್ ರೈಡರ್ಸ್. ಒಟ್ಟು ಐದು ಜನ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಮಾಧ್ಯಮ ಸಂಚಾಲಕ ಅಂತ ನಾಲ್ಕು ಹುದ್ದೆಗಳಿವೆ. ಹಾಗಾಗಿ ಬರೀ ಸದಸ್ಯ ಅನ್ನಿಸಿಕೊಳ್ಳುವ ದೌರ್ಭಾಗ್ಯ ಒಬ್ಬನಿಗೆ ಮಾತ್ರ. ನಾನು ಮಾಧ್ಯಮ ಸಂಚಾಲಕ, ಅಂದರೆ ಎಲ್ಲರಿಗಿಂತ ಹಿಂದೆ ಮೊಬೈಲು ಹಿಡಿದುಕೊಂಡು ಬರುವವನು. ಹೆಸರು ಹುಲಿಗೇಶ್. ವಾರದಲ್ಲಿ ಆರು ದಿನ ಕಂಟೋನ್ಮೆಂಟಿನಲ್ಲಿ ಕನ್ನಡಕದ ಅಂಗಡಿ ನಡೆಸುತ್ತೇನೆ, ಏಳನೆಯ ದಿನ ಸಾಹಸ ಮಾಡುತ್ತೇನೆ.

ನಾನು ಬರೆಯಲು ಹೊರಟಿರುವುದು ಗಂಗಕ್ಕನ ಬಗ್ಗೆ. ಆದರೆ ಮೊದಲು ನಮ್ಮ ಅಧ್ಯಕ್ಷರನ್ನು ನೆನೆಯದಿದ್ದರೆ ಅವರು ಮುಖ ಊದಿಸಿಕೊಂಡು ಎರಡು ವಾರ ಗುಂಪಿನಲ್ಲಿ ಮೆಸೇಜು ಹಾಕುವುದಿಲ್ಲ. ಅಧ್ಯಕ್ಷನ ಹೆಸರು ಗವಿಸಿದ್ದೇಶ್, ಕಬ್ಬಿಣದ ವ್ಯಾಪಾರಿ. ಅವನ ಬೈಕು ಕಾಲು ಟನ್ ತೂಗುತ್ತದೆ. ಮರಳುಗಾಡು, ಹಿಮ, ಕಾಡು ಎಲ್ಲವನ್ನೂ ದಾಟುತ್ತದಂತೆ, ಕಂಪನಿಯವರು ಪುಸ್ತಕದಲ್ಲಿ ಬರೆದುಕೊಟ್ಟಿದ್ದಾರೆ. ಎತ್ತರ ಎಷ್ಟೆಂದರೆ ಅದನ್ನು ಹತ್ತಬೇಕಾದರೆ ಪಕ್ಕದಲ್ಲಿ ಫುಟ್‌ಪಾತ್ ಇರಬೇಕು. ಬಳ್ಳಾರಿಯಲ್ಲಿ ಎಲ್ಲೆಲ್ಲಿ ಫುಟ್‌ಪಾತ್ ಉಳಿದಿದೆ ಅಂತ ನಗರಪಾಲಿಕೆಗಿಂತ ಅವನಿಗೆ ಚೆನ್ನಾಗಿ ಗೊತ್ತು. ಅಂಥ ಮರಳುಗಾಡು ದಾಟುವ ಐದು ಬೈಕುಗಳ ಮೇಲೆ ನಾವು ಒಂದು ವರ್ಷ ಕಾಲ ಹೋಗಿದ್ದೆಲ್ಲ ಒಗ್ಗರಣಿ-ಮಿರ್ಚಿ ತಿನ್ನುವುದಕ್ಕೆ. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ತಿಂದು, ಬೈಕಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದೆವು.

ಹೀಗೇ ನಡೆಯುತ್ತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಗವಿಸಿದ್ದೇಶನಿಗೆ ಮೊಬೈಲ್ ನಕಾಶೆಯಲ್ಲಿ ಎಮ್ಮಿಜಾರ ಸಿಕ್ಕಿತು.

ಕುರುಗೋಡಿನ ಆಚೆ ಬಂಡೆಗಲ್ಲಿನ ಗುಡ್ಡಸಾಲು ಇದೆಯಲ್ಲ, ಅದನ್ನು ಅಡ್ಡ ಕೊರೆದು ಹೋಗುವ ಮಣ್ಣಿನ ಕಣಿವೆದಾರಿ ಅದು. ಆರು ಕಿಲೋಮೀಟರು. ಕೆಂಪು ಧೂಳು, ಕಾಲಿಟ್ಟರೆ ಉರುಳುವ ಕಲ್ಲು, ಮೂರು ಕೆಟ್ಟ ತಿರುವು. ಯಾವ ಕಾಲದಲ್ಲೋ ಯಾರದೋ ಎಮ್ಮೆ ಅಲ್ಲಿ ಜಾರಿ ಬಿದ್ದಿತ್ತಂತೆ, ಹೆಸರು ಉಳಿಯಿತು. ದಾರಿಯ ಆಚೆ ತುದಿಯಲ್ಲಿ ಹುಣಸಿಮಟ್ಟಿ ಅನ್ನುವ ಊರು. ಡಾಂಬರು ರಸ್ತೆಯಲ್ಲಿ ಹುಣಸಿಮಟ್ಟಿಗೆ ಹೋಗಬೇಕಾದರೆ ಗುಡ್ಡ ಸುತ್ತಿಕೊಂಡು ಮೂವತ್ತು ಕಿಲೋಮೀಟರು. ಗವಿಸಿದ್ದೇಶನಿಗೆ ಎಮ್ಮಿಜಾರ ಅನ್ನುವ ಹೆಸರು ಹಿಡಿಸಲಿಲ್ಲ. ಫೋಟೋದ ಕೆಳಗೆ ಹಾಕಿಕೊಳ್ಳುವುದಕ್ಕೆ ಎಮ್ಮೆ ಚೆನ್ನಾಗಿರುವುದಿಲ್ಲ. 'ಡೆವಿಲ್ಸ್ ಎಲ್ಬೋ' ಅಂತ ನಾಮಕರಣ ಮಾಡಿ, ತನ್ನ ಭಾವಚಿತ್ರ ಸಮೇತ ಫ್ಲೆಕ್ಸ್ ಮಾಡಿಸಿ ಜಾಲಿಮರಕ್ಕೆ ಕಟ್ಟಿಸಿದ. ಮುಂದಿನ ವಾರ ಫ್ಲೆಕ್ಸ್ ಇರಲಿಲ್ಲ. ಹುಣಸಿಮಟ್ಟಿಯಲ್ಲಿ ಯಾರೋ ಅದನ್ನು ಕೋಳಿಗೂಡಿಗೆ ಹೊದಿಸಿದ್ದರು. ಮುಖ ಮೇಲಕ್ಕೆ ಬರುವ ಹಾಗೆ ಹೊದಿಸಿದ್ದರು ಅನ್ನುವುದೇ ಸಮಾಧಾನ.

ನಮ್ಮ ಮೊದಲ ಆರೋಹಣ ಎರಡನೆಯ ತಿರುವಿನ ತನಕ ಬಹಳ ಗಂಭೀರವಾಗಿ ನಡೆಯಿತು. ಜಾಕೆಟ್ಟು, ಮೊಣಕಾಲಿಗೆ ಕವಚ, ಮೊಣಕೈಗೆ ಕವಚ, ಮೊಣಕಾಲುದ್ದದ ಬೂಟು. ಬೈಕಿನ ಮೇಲೆ ಎದ್ದು ನಿಂತೇ ಓಡಿಸಬೇಕು ಅಂತ ಅಧ್ಯಕ್ಷರ ಆದೇಶ. ಎಲ್ಲರೂ ಎದ್ದು ನಿಂತಿದ್ದೆವು. ಎರಡನೆಯ ತಿರುವಿನಲ್ಲಿ ಅಧ್ಯಕ್ಷರು ಮಲಗಿದರು. ಬೈಕು ಅವರ ಪಕ್ಕದಲ್ಲಿ ಮಲಗಿತು.

ಕಾಲು ಟನ್ ಎತ್ತುವುದು ಹೇಗೆ ಅಂತ ಖಜಾಂಚಿ ವಿಡಿಯೋದಲ್ಲಿ ನೋಡಿದ್ದ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು ಎತ್ತಬೇಕಂತೆ. ನಾಲ್ಕು ಜನ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತು ತಿಣುಕುತ್ತಿದ್ದಾಗ ಕೆಳಗಿನಿಂದ ಪುಟುಪುಟು ಸದ್ದು ಕೇಳಿತು. ಒಂದು ಹಳೆಯ ಎಕ್ಸೆಲ್ ಮೊಪೆಡ್ ಗಾಡಿ. ಮುಂದೆ ಒಂದು ಬಂಡಲ್, ಹಿಂದೆ ಅದರಪ್ಪನಂಥ ಇನ್ನೊಂದು ಬಂಡಲ್, ನಡುವೆ ಕುತ್ತಿಗೆಯಿಂದ ಮೇಲೆ ಮಾತ್ರ ಕಾಣುತ್ತಿದ್ದ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಕಾಲಲ್ಲಿ ಹವಾಯಿ ಚಪ್ಪಲಿ.

"ಯಾಕ್ರಣ್ಣಾ, ಎಲ್ಲಾರೂ ಹಿಂಗ ಕುಂತೀರಿ? ಹೊಟ್ಟಿ ಕೆಟ್ಟೈತೇನು?" ಅಂದಳು.

"ಇದು ಟೆಕ್ನಿಕಲ್ ಸೆಕ್ಷನ್ ಐತ್ರಿ ಅಕ್ಕಾ," ಅಂದ ಗವಿಸಿದ್ದೇಶ್, ಮಲಗಿದಲ್ಲಿಂದಲೇ.

"ಹೌದಾ? ನಾವು ತಿರುವು ಅಂತೀವಿ."

ಗಾಡಿಯನ್ನು ಬಂಡೆಗೆ ಒರಗಿಸಿ ಬಂದಳು. ಬಿದ್ದ ಬೈಕನ್ನು ಒಂದು ಸುತ್ತು ಹಾಕಿ ನೋಡಿದಳು. "ಗುಡ್ಡದ ಮೇಲಿನ ಕಡೆ ಮೂತಿ ಮಾಡಿ ಎತ್ತಿದ್ರ ಇದು ಸಂಜಿತನಕ ಏಳಂಗಿಲ್ಲ. ಮೂತಿ ಇಳಿಜಾರಿಗೆ ತಿರುವ್ರಿ," ಅಂದಳು. ಎಳೆದು ತಿರುವಿದೆವು. ತನ್ನ ಗಾಡಿಯ ಹಗ್ಗ ಬಿಚ್ಚಿ ಹ್ಯಾಂಡಲಿಗೆ ಬಿಗಿದು, ಕೆಳಗಿನಿಂದ ಜಗ್ಗಲು ಇಬ್ಬರನ್ನು ನಿಲ್ಲಿಸಿದಳು. ಬೈಕು ಎದ್ದು ನಿಂತಿತು. ಅಧ್ಯಕ್ಷರನ್ನು ನಾವೇ ಎಬ್ಬಿಸಿದೆವು.

"ಎಲ್ಲಿಗೆ ಹೊಂಟೀರಿ ಇಷ್ಟೆಲ್ಲಾ ಕಟ್ಕೊಂಡು?"

ಅಧ್ಯಕ್ಷರು ಜಾಕೆಟ್ಟಿನ ಧೂಳು ಕೊಡವಿಕೊಳ್ಳತೊಡಗಿದರು. ಕೊನೆಗೆ ನಾನೇ, "ಎಲ್ಲಿಗೂ ಇಲ್ಲ ಅಕ್ಕಾ, ಸುಮ್ನ," ಅಂದೆ.

"ಸುಮ್ನ?" ಅಂದಳು. ನಮ್ಮ ಮೊಣಕಾಲಿನ ಕವಚಗಳನ್ನು ಒಂದೊಂದಾಗಿ ನೋಡಿದಳು. ಪಾಪ, ನಗಲಿಲ್ಲ. ಹಗ್ಗ ಸುತ್ತಿಕೊಂಡು ಗಾಡಿ ಹತ್ತಿ, ಎರಡೂ ಕಾಲನ್ನು ಆಚೆ ಈಚೆ ಇಳಿಬಿಟ್ಟು, ಚಪ್ಪಲಿಯ ತುದಿ ಮಣ್ಣಿಗೆ ತಾಗಿಯೂ ತಾಗದ ಹಾಗೆ ಮೂರನೆಯ ತಿರುವು ದಾಟಿ ಹೋಗಿಬಿಟ್ಟಳು. ನಾನು ಮಾಧ್ಯಮ ಸಂಚಾಲಕನಲ್ಲವೇ, ಅಷ್ಟನ್ನೂ ವಿಡಿಯೋ ಮಾಡಿದೆ. ಈ ಕತೆಯಲ್ಲಿ ಆಗಿರುವ ಅನಾಹುತಕ್ಕೆಲ್ಲ ಅದೇ ಕಾರಣ.

ಅವಳೇ ಗಂಗಕ್ಕ. ಹುಟ್ಟಿದ್ದು ಸಿರುಗುಪ್ಪದಲ್ಲಿ. ಆ ಕಡೆ ಗುಡ್ಡ ಅಂದರೆ ಭತ್ತದ ರಾಶಿ. ಅದಕ್ಕಿಂತ ಎತ್ತರದ್ದನ್ನು ಅವಳು ಮದುವೆಯಾಗುವ ತನಕ ಹತ್ತಿರದಿಂದ ನೋಡಿರಲಿಲ್ಲ. ಕುರುಗೋಡಿನ ಮಾರೇಶನಿಗೆ ಕೊಟ್ಟರು. ಮಾರೇಶ ಭತ್ತ ಕೊಯ್ಯುವ ಯಂತ್ರದ ಡ್ರೈವರು. ಕೊಯ್ಲು ಎಲ್ಲಿದೆಯೋ ಅಲ್ಲಿ ಅವನು: ರಾಯಚೂರು, ತೆಲಂಗಾಣ, ಆಂಧ್ರ. ವರ್ಷದಲ್ಲಿ ಎಂಟು ತಿಂಗಳು ಊರಲ್ಲಿ ಇರುವುದಿಲ್ಲ, ಉಳಿದ ನಾಲ್ಕು ತಿಂಗಳು ನಿದ್ದೆ ಮಾಡುತ್ತಾನೆ. ಒಳ್ಳೆಯ ಮನುಷ್ಯ ಅಂತ ಗಂಗಕ್ಕನೇ ಹೇಳುತ್ತಾಳೆ, ಅವನು ಎಚ್ಚರವಾಗಿದ್ದಾಗ ನಾನು ನೋಡಿಲ್ಲ.

ಬಳ್ಳಾರಿಯ ಜೀನ್ಸ್ ಪ್ಯಾಂಟು ಊರೂರಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದನ್ನು ಹೊಲಿಯುವವರು ಎಲ್ಲಿದ್ದಾರೆ ಅಂತ ಕೇಳುವವರು ಕಡಿಮೆ. ಬಟ್ಟೆ ಕತ್ತರಿಸುವುದು ಕೌಲ್ ಬಜಾರಿನ ಯೂನಿಟ್ಟುಗಳಲ್ಲಿ. ಕತ್ತರಿಸಿದ ತುಂಡುಗಳು ಬಂಡಲ್ ಆಗಿ ಹಳ್ಳಿಗಳಿಗೆ ಹೋಗುತ್ತವೆ, ಹೆಂಗಸರು ಮನೆಯಲ್ಲಿ ಕೂತು ಹೊಲಿಯುತ್ತಾರೆ, ಹೊಲಿದದ್ದು ಮತ್ತೆ ಬಂಡಲ್ ಆಗಿ ವಾಪಸು ಬರುತ್ತದೆ. ಅಶ್ಫಾಕ್ ಭಾಯಿಯ ಯೂನಿಟ್ಟಿನಿಂದ ಹುಣಸಿಮಟ್ಟಿಯ ಹದಿನಾಲ್ಕು ಮಿಷನ್ನಿಗೆ ಕೆಲಸ ಹೋಗುತ್ತಿತ್ತು. ಒಯ್ಯುತ್ತಿದ್ದವನು ಎಂಟು ವರ್ಷದ ಹಿಂದೆ ಎಮ್ಮಿಜಾರದಲ್ಲಿ ಸೊಂಟ ಉಳುಕಿಸಿಕೊಂಡು ಕೈ ಮುಗಿದುಬಿಟ್ಟ. ಆಟೋದವರು ಗುಡ್ಡ ಸುತ್ತಿ ಹೋಗುವುದು ಗಿಟ್ಟುವುದಿಲ್ಲ ಅಂದರು. ಆಗ ಗಂಗಕ್ಕ, "ನಾ ಒಯ್ತೀನಿ," ಅಂದಳಂತೆ. "ಗಾಡಿ ಹೊಡಿಯಾಕ ಬರ್ತೈತೇನು?" ಅಂತ ಅಶ್ಫಾಕ್ ಭಾಯಿ ಕೇಳಿದರು. "ನಾಕು ದಿನ ತಡೀರಿ, ಬರ್ತೈತಿ," ಅಂದಳಂತೆ.

ಮಾರೇಶ ಬಿಟ್ಟುಹೋಗಿದ್ದ ಗಾಡಿಯನ್ನು ಕುರುಗೋಡಿನ ಮಾರುಕಟ್ಟೆ ಅಂಗಳಕ್ಕೆ ತಳ್ಳಿಕೊಂಡು ಹೋದಳು. ಮೊದಲ ದಿನ ಒಣಮೆಣಸಿನಕಾಯಿ ರಾಶಿಗೆ ಹೊಡೆದಳು. ಎರಡನೆಯ ದಿನವೂ ಅದೇ ರಾಶಿಗೆ ಹೊಡೆದಳು. ಮೂರನೆಯ ದಿನ ರಾಶಿಯವನು ರಾಶಿಯನ್ನೇ ಎತ್ತಿಸಿದ. ನಾಲ್ಕನೆಯ ದಿನ ಬಂಡಲ್ ಹೇರಿಕೊಂಡು ಎಮ್ಮಿಜಾರ ಹತ್ತಿದಳು. ಆವತ್ತಿನಿಂದ ಮಳೆ, ಬಿಸಿಲು, ಅಮಾವಾಸ್ಯೆ ಅನ್ನದೆ ಹತ್ತುತ್ತಿದ್ದಾಳೆ. ಬರೀ ಬಟ್ಟೆಯಲ್ಲ, ಸೂಜಿ, ಗುಳಿಗೆ, ಎಲೆಅಡಿಕೆ, ಹುಡುಗಿ ನೋಡಲು ಬರುವವರ ಸುದ್ದಿ, ಒಮ್ಮೆ ಒಂದು ಮೇಕೆಮರಿ, ಎಲ್ಲ ಆ ಗಾಡಿಯ ಮೇಲೆಯೇ ಗುಡ್ಡ ದಾಟಿವೆ. ಯಾವ ಕಂಪನಿಯೂ ಅವಳಿಗೆ ಪುಸ್ತಕದಲ್ಲಿ ಏನೂ ಬರೆದುಕೊಟ್ಟಿರಲಿಲ್ಲ.

ನನ್ನ ವಿಡಿಯೋಕ್ಕೆ ಬರುತ್ತೇನೆ. ಹಿಂದೆ ಒಂದು ಢಂ ಢಂ ಸಂಗೀತ ಹಾಕಿ, 'ಗುಡ್ಡದ ರಾಣಿ' ಅಂತ ಹೆಸರಿಟ್ಟು ಬಿಟ್ಟೆ. ನಾಲ್ಕು ದಿನದಲ್ಲಿ ಎರಡು ಲಕ್ಷ ಜನ ನೋಡಿದರು. ಮೊದಲ ಸಾವಿರ ಜನ 'ಸೂಪರ್ ಅಕ್ಕಾ' ಅಂದರು. ಆಮೇಲೆ ಬಂದವರು ಜವಾಬ್ದಾರಿಯುತ ಪ್ರಜೆಗಳು. ಹೆಲ್ಮೆಟ್ ಎಲ್ಲಿ? ಲೈಸೆನ್ಸ್ ಇದೆಯಾ? ಇಷ್ಟು ಭಾರ ಹೇರಬಹುದಾ? ಎಂಟು ವರ್ಷ ಅವಳು ಬಿದ್ದಳೋ ಎದ್ದಳೋ ಅಂತ ಕೇಳದ ದೇಶಕ್ಕೆ ದಿಢೀರನೆ ಅವಳ ಸುರಕ್ಷತೆಯ ಚಿಂತೆ ಹತ್ತಿತು. ಮುಂದಿನ ವಾರ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ನೀವೇ ಅಲ್ವೇನ್ರಿ ವಿಡಿಯೋದವ್ರು?" ಅಂತ ಪ್ರೀತಿಯಿಂದ ಸೆಲ್ಫಿ ತೆಗೆದುಕೊಂಡರು. ಆಮೇಲೆ ಲೈಸೆನ್ಸ್ ಕೇಳಿದರು. ಅವಳ ಹತ್ತಿರ ಇರಲಿಲ್ಲ. ಎಂದೂ ಇರಲಿಲ್ಲ.

ದಂಡ ಕಟ್ಟಿ ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಆ ಎರಡು ಲಕ್ಷ ಜನರಲ್ಲಿ ಅಶ್ಫಾಕ್ ಭಾಯಿಯಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯವನೊಬ್ಬನೂ ಇದ್ದ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ನಮ್ಮ ಮಾಲು ಸಾಗಿಸಕೂಡದು ಅಂತ ಕಾಗದ ಬಂತು.

ಇದು ನನಗೆ ಗೊತ್ತಾಗಿದ್ದು ಗಂಗಕ್ಕ ನನ್ನ ಅಂಗಡಿಗೆ ನುಗ್ಗಿದಾಗ.

"ಹುಲಿಗೇಶ್ ಅಂದ್ರ ನೀವನಾ?"

"ಬರ್ರಿ ಅಕ್ಕಾ, ಬರ್ರಿ! ಎರಡು ಲಕ್ಷ ಜನ ನೋಡ್ಯಾರ!" ಅಂದೆ, ಹಲ್ಲು ಕಿರಿದು.

"ನೋಡ್ಲಿ. ಆ ಎರಡು ಲಕ್ಷ ಮಂದಿ ಬಂದು ಹುಣಸಿಮಟ್ಟಿ ನೀಲಾವತಿ ಮಿಷನ್ನಿಗೆ ಕೆಲಸ ಹಾಕ್ತಾರೇನು?" ಮೇಜಿನ ಮೇಲೆ ಕೈ ಬಡಿದಳು, ಮೂರು ಕನ್ನಡಕ ಕೆಳಗೆ ಬಿದ್ದವು. "ದಸರಾ ಕಟಿಂಗ್ ಶುರು ಆಗೋ ದಿನ ಹನ್ನೆರಡು ಗಂಟಿ ಒಳಗ ಲೈಸೆನ್ಸ್ ಪಾಸಾದ ಕಾಗದ ತೋರಿಸಬೇಕಂತ. ಇಲ್ಲಾಂದ್ರ ಹುಣಸಿಮಟ್ಟಿ ಹೆಸರು ತಗದು ಮೋಕ ಊರಿನವ್ರನ್ನ ಬರ್ಕೊಂತಾರಂತ. ಒಮ್ಮಿ ಹೆಸರು ತಗದ್ರ ವರ್ಷಗಟ್ಲೆ ಕೆಲಸ ಇಲ್ಲ. ಹದಿನಾಕು ಮಿಷನ್ನು ಅಣ್ಣಾ. ನೀಲಾವತಿ ಮಗಳು ನರ್ಸಿಂಗ್ ಓದಾಕತ್ಯಾಳ. ಅವ್ರಿಗೆ ಏನಂತ ಹೇಳ್ಲಿ? ನಿಮ್ಮ ಗುಡ್ಡದ ರಾಣಿ ಬಂದಾಳ, ಮಿಷನ್ ಮುಚ್ರಿ ಅನ್ಲ್ಯಾ?"

ನನಗೆ ನಾಚಿಕೆಯಾಯಿತು. ಅಂಥಿಂಥ ನಾಚಿಕೆಯಲ್ಲ, ಕಿವಿ ಬಿಸಿಯಾಗುವಂಥದ್ದು. ವಿಡಿಯೋ ಅಳಿಸುತ್ತೇನೆ ಅಂದೆ.

"ಅಳಿಸಿ ಏನ್ ಮಾಡ್ತಿ? ಲೈಸೆನ್ಸ್ ಕೊಡ್ಸು," ಅಂದಳು. ನೀವು ಹೋಗಿ ನೀನು ಆಗಿದ್ದು ಆಗಲೇ. ಇವತ್ತಿಗೂ ಹಾಗೇ ಇದೆ.

ಕಲಿಕೆಯ ಲೈಸೆನ್ಸ್ ಸಲೀಸಾಗಿ ಸಿಕ್ಕಿತು. ಕಂಪ್ಯೂಟರಿನ ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರಿಸಿದಳು, ಒಂದನ್ನು ಬಿಟ್ಟು: ಕಡಿದಾದ ಇಳಿಜಾರಿನ ಚಿತ್ರ. ಅದರಲ್ಲಿ ಎಚ್ಚರಿಕೆ ಕೊಡುವಂಥದ್ದು ಏನಿದೆ ಅಂತ ಅವಳಿಗೆ ತಿಳಿಯಲಿಲ್ಲ. ಗಾಡಿಗೆ ಕೆಂಪು 'ಎಲ್' ಅಂಟಿಸಿಕೊಂಡು, ಹೊಸ ಹೆಲ್ಮೆಟ್ಟು ಹಾಕಿಕೊಂಡು ಕೆಲಸ ಮುಂದುವರಿಸಿದಳು. ಪಕ್ಕಾ ಲೈಸೆನ್ಸಿಗೆ ತಿಂಗಳ ಮೇಲೆ ಪರೀಕ್ಷೆ. ಮೈದಾನದಲ್ಲಿ ಬಿಳಿ ಗೆರೆ ಎಳೆದ ಎಂಟರ ಮೇಲೆ ಗಾಡಿ ಓಡಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಇಷ್ಟೇ. ನಾವು ಐವರೂ ನಕ್ಕೆವು. ಎಮ್ಮಿಜಾರ ಹತ್ತುವವಳಿಗೆ ಇದೊಂದು ಪರೀಕ್ಷೆಯೇ?

ಪರೀಕ್ಷೆಯ ದಿನ ಹೊಲಿದ ಬಂಡಲ್ ಸಮೇತ ಬಳ್ಳಾರಿಗೆ ಬಂದಳು. ಬಂಡಲುಗಳನ್ನು ಮೈದಾನದ ಗೇಟಿನ ಹತ್ತಿರ ಇಳಿಸಿ ನನ್ನನ್ನು ಕಾವಲಿಗೆ ಕೂರಿಸಿ ಒಳಗೆ ಹೋದಳು. ಇನ್‌ಸ್ಪೆಕ್ಟರು ಬಿಸಿಲಿಗೆ ಬೇಸತ್ತ ಸಾಧು ಮನುಷ್ಯ. ಸೀಟಿ ಊದಿದರು. ಗಂಗಕ್ಕ ಹೊರಟಳು. ಎಂಟರ ಮೊದಲ ಸೊನ್ನೆಯೇ ಮುಗಿದಿರಲಿಲ್ಲ, ಗಾಡಿ ಬಳುಕಿತು, ಎಡಗಾಲು ದಪ್ಪನೆ ನೆಲಕ್ಕೆ ಬಂತು.

"ಕಾಲು ತಾಗಿತು ಅಮ್ಮಾ. ಒಂದು ವಾರ ಬಿಟ್ಟು ಬನ್ನಿ."

ಅವಳು ಹೊರಗೆ ಬಂದು, ಬಂಡಲ್ ಹೇರಿಕೊಂಡು, ಗೇಟಿನ ಮುಂದಿನ ಗುಂಡಿ, ಎಳನೀರಿನ ಗಾಡಿ, ಎರಡು ದನ ಎಲ್ಲವನ್ನೂ ಸುತ್ತಿ ಬಳಸಿ ಕಾಲೂರದೆ ಹೋಗಿಬಿಟ್ಟಳು. ನನ್ನ ಕಣ್ಣ ಮುಂದೆಯೇ ಹೋದಳು. ಊರಿಗೆಲ್ಲ ಕನ್ನಡಕ ಮಾರುವ ನನಗೆ ಕಾಣಬೇಕಾದದ್ದು ಕಾಣಲಿಲ್ಲ.

"ಪೋಸ್ಚರ್ ಪ್ರಾಬ್ಲಮ್," ಅಂದ ಗವಿಸಿದ್ದೇಶ್. ಅಧ್ಯಕ್ಷರೇ ಖುದ್ದಾಗಿ ತರಬೇತಿಗೆ ನಿಂತರು. ಅವನ ಗೋಡೌನಿನ ಹಿಂದೆ ಇಟ್ಟಿಗೆಗಳಲ್ಲಿ ಎಂಟು ಮಾಡಿದೆವು. ಅವಳಿಗೆ ಕೈಗವಸು, ಮೊಣಕಾಲಿನ ಕವಚ, ಎರಡು ಅಳತೆ ದೊಡ್ಡದಾದ ಬೂಟು ತೊಡಿಸಿದೆವು. ತಿಂಗಳಿಗೆ ಎರಡು ಸಲ ಬೀಳುವವರು ಎಂಟು ವರ್ಷದಿಂದ ಬೀಳದವಳಿಗೆ ಬೀಳದಿರುವುದು ಹೇಗೆ ಅಂತ ಕಲಿಸಿದೆವು.

"ದೃಷ್ಟಿ ದಿಗಂತದ ಕಡೆ ಇರಬೇಕು ಅಕ್ಕಾ," ಅಂದ ಗವಿಸಿದ್ದೇಶ್.

"ದಿಗಂತ ನೋಡಿದ್ರ ಇಟ್ಟಂಗಿ ಯಾರು ನೋಡ್ತಾರ, ನಿಮ್ಮಪ್ಪ?"

ಎರಡನೆಯ ಪರೀಕ್ಷೆಗೂ ಹಾಗೆಯೇ ಬಂದಳು, ಹಾಗೆಯೇ ಬಂಡಲ್ ಇಳಿಸಿದಳು. ನಮ್ಮ ಬೂಟು ತೊಟ್ಟು, ದಿಗಂತ ನೋಡುತ್ತ ಹೊರಟಳು. "ಕಾಲು ತಾಗಿತು ಅಮ್ಮಾ," ಅಂದರು ಇನ್‌ಸ್ಪೆಕ್ಟರು. "ಹೋದ ಸಲಕ್ಕಿಂತ ಜೋರಾಗಿ." ಇನ್ನೊಂದು ಮಾತನ್ನೂ ಹೇಳಿದರು. ಮೂರನೆಯ ಸಲವೂ ತಪ್ಪಿದರೆ ಎರಡು ತಿಂಗಳು ಪರೀಕ್ಷೆಗೆ ಬರುವ ಹಾಗಿಲ್ಲ. ಮೂರನೆಯ ಪರೀಕ್ಷೆ ಬಿದ್ದದ್ದು ಸರಿಯಾಗಿ ದಸರಾ ಕಟಿಂಗ್ ಶುರುವಾಗುವ ದಿನ. ಗಂಗಕ್ಕ ಬೂಟು ಬಿಚ್ಚಿ ಗವಿಸಿದ್ದೇಶನ ಕೈಗೆ ಕೊಟ್ಟಳು.

ಆ ದಿನ ನಾವು 'ಬೆಂಬಲ ಸವಾರಿ' ಹಮ್ಮಿಕೊಂಡೆವು. ಅಧ್ಯಕ್ಷರ ಕಲ್ಪನೆ. ಐದು ದೊಡ್ಡ ಬೈಕುಗಳು ಪೂರ್ತಿ ಸಜ್ಜಾಗಿ, ಅಂದರೆ ತಲೆಯಿಂದ ಕಾಲಿನ ತನಕ ಕವಚ ತೊಟ್ಟು, ಪರೀಕ್ಷೆಯ ಮೈದಾನಕ್ಕೆ ಬಂದು ಸಾಲಾಗಿ ನಿಂತೆವು. ಕ್ಯಾಲೆಂಡರಿನಲ್ಲಿ ಮಳೆಗಾಲ ಶುರುವಾಗಿತ್ತು. ಬಳ್ಳಾರಿಗೆ ಕ್ಯಾಲೆಂಡರು ತಲುಪಿರಲಿಲ್ಲ. ಜಾಕೆಟ್ಟಿನೊಳಗೆ ಬೇಯುತ್ತ ನಿಂತಿದ್ದಾಗ ಗಂಗಕ್ಕ ಬಂದಳು. ಗಾಡಿಯ ಮೇಲೆ ಬಂಡಲ್ ಇರಲಿಲ್ಲ. ಹಳೆಯ ಕೆಲಸವೆಲ್ಲ ಹಿಂದಿನ ದಿನವೇ ಒಪ್ಪಿಸಿ, ಹುಣಸಿಮಟ್ಟಿಯವರ ಸಾಮಾನು ಹೇರಿಕೊಂಡು ಹೋಗಿದ್ದಳು, ಹೊಸ ಕೆಲಸ ಹನ್ನೆರಡರ ನಂತರ. ಗಾಡಿಯನ್ನು ನನ್ನ ಬೈಕಿಗೆ ಒರಗಿಸಿದಳು.

"ಹುಲಿಗೇಶಾ, ಕುರುಗೋಡಿಂದ ಇಲ್ಲೀತನಕ ಮೂರು ಸಲ ಬೀಳೋದು ತಪ್ತು," ಅಂದಳು. "ಡಾಂಬರ್ ರಸ್ತಿ! ಒಂದು ಕಲ್ಲಿಲ್ಲ, ಗುಂಡಿಲ್ಲ. ಈ ಗಾಡಿ ಗಾಳಿಗೆ ಹಾರ್ಯಾಡ್ತೈತಿ. ಎಂಟು ವರ್ಷದಾಗ ನಾ ಇದನ್ನ ರಸ್ತಿ ಮ್ಯಾಲ ಖಾಲಿ ಹೊಡದಾಕಿನಾ ಅಲ್ಲ. ಹೋಗೂವಾಗ ಕಟಿಂಗ್, ಬರೂವಾಗ ಹೊಲಿದಿದ್ದು. ಮುಂದಿನ ಬಂಡಲ್ಲು ಮಣಕಾಲಾಗ ಒತ್ತಿ ಹಿಡಿದು ಗಾಡಿ ತಿರುವ್ತೀನಿ, ಹ್ಯಾಂಡಲ್ ಬರೇ ಹಿಡ್ಕೊಳ್ಳಾಕ. ಈಗ ಮಣಕಾಲಾಗ ಏನೂ ಇಲ್ಲ. ಹಿ‌ಡಿಯಾಕ ಏನೂ ಇಲ್ಲಂದ್ರ ಕಾಲು ನೆಲ ಹುಡಕ್ತೈತಿ."

ಎರಡು ಸಲ ಪರೀಕ್ಷೆಗೆ ಮುಂಚೆ ಆ ಬಂಡಲ್ ಇಳಿಸಿಕೊಂಡು, ಅದರ ಮೇಲೆ ಕಾವಲು ಕೂತವನು ನಾನೇ.

ಅವಳೇ ಇನ್‌ಸ್ಪೆಕ್ಟರ ಹತ್ತಿರ ಹೋದಳು. "ಸಾಹೇಬ್ರ, ಭಾರ ಇಟ್ಕೊಂಡು ಎಂಟು ಹಾಕ್ಲ್ಯಾ?"

ಅವರು ಸೀಟಿ ಕೆಳಗಿಳಿಸಿದರು. "ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿಲ್ಲಮ್ಮಾ. ಭಾರ ಇಡಬಾರದು ಅಂತ ನಾನಂತೂ ಎಲ್ಲೂ ಓದಿಲ್ಲ. ಕಾಲು ತಾಗಬಾರದು ಅಂತ ಓದಿದ್ದೇನೆ. ತಾಗಿದರೆ ಮುಗೀತು, ಭಾರ ಇದ್ದರೂ ಅಷ್ಟೆ. ನಿಮ್ಮ ಮುಂದೆ ಇನ್ನು ಮೂರು ಜನ ಇದ್ದಾರೆ."

ಮೂರು ಜನ ಅಂದರೆ ಹತ್ತು ನಿಮಿಷ. ಭಾರ ಎಲ್ಲಿಂದ ತರುವುದು? ಬಂಡಲ್ ಕಟ್ಟುವ ಬಟ್ಟೆ, ಹಗ್ಗ ಗಾಡಿಯಲ್ಲೇ ಇದ್ದವು. ಒಳಗೆ ತುಂಬಲು ಆ ಮೈದಾನದಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಕಲ್ಲು ಇಡಬಹುದು ಅಂದ ಖಜಾಂಚಿ. "ಕಲ್ಲು ಮಣಕಾಲಿಗೆ ಒತ್ತಿ ಹಿಡಿಯಾಕ ಬರ್ತೈತೇನು? ಮೆತ್ತಗ ಇರಬೇಕು, ಭಾರನೂ ಇರಬೇಕು," ಅಂದಳು ಗಂಗಕ್ಕ. ಹಾಗೆ ಅನ್ನುತ್ತ ಅವಳ ಕಣ್ಣು ನಮ್ಮ ಐವರ ಮೇಲೆ ನಿಂತಿತು.

ಮೊದಲು ಜಾಕೆಟ್ಟು ಬಿಚ್ಚಿದವನು ನಾನು. ಆಮೇಲೆ ಬೂಟು, ಮೊಣಕಾಲಿನದು, ಮೊಣಕೈಯದು, ಬೆನ್ನಿನದು. ಉಳಿದ ಮೂವರೂ ಶುರು ಮಾಡಿದರು. ಗವಿಸಿದ್ದೇಶ್ ಮಾತ್ರ ಎದೆಗೆ ಕೈ ಅಡ್ಡ ಇಟ್ಟುಕೊಂಡು ನಿಂತ.

"ಇದು ಇಂಪೋರ್ಟೆಡ್ ಐತಿ, ಹುಲಿಗೇಶ."

"ಬಿಚ್ಚಲೇ!" ಅಂದೆ. ಅಧ್ಯಕ್ಷರಿಗೆ ಲೇ ಅಂದಿದ್ದು ಅದೇ ಮೊದಲು. ಬಿಚ್ಚಿದ.

ಹತ್ತು ಬೂಟು, ಐದು ಜಾಕೆಟ್ಟು, ಐದು ಹೆಲ್ಮೆಟ್ಟು, ಮೂಳೆ ಮುರಿಯದಂತೆ ಜಗತ್ತು ಕಂಡುಹಿಡಿದ ಎಲ್ಲ ಸಾಮಾನು. ಗಂಗಕ್ಕ ಬಟ್ಟೆ ಹಾಸಿ, ಹೆಲ್ಮೆಟ್ಟುಗಳನ್ನು ನಡುವೆ ಇಟ್ಟು, ಸಂದಿಗೆಲ್ಲ ಬೂಟು ತುರುಕಿ, ಸುತ್ತ ಜಾಕೆಟ್ಟು ಹೊದಿಸಿ ಬಿಗಿದು ಕಟ್ಟಿದಳು. ಗಾಡಿಯ ಮುಂದೆ ಇಟ್ಟು ಮೊಣಕಾಲಿನಿಂದ ಒತ್ತಿ ನೋಡಿದಳು. "ಇನ್ನ ಸ್ವಲ್ಪ ಇದ್ರ ಚೊಲೋ ಇತ್ತು," ಅಂದು ನಮ್ಮ ಕವಚದ ಪ್ಯಾಂಟುಗಳನ್ನು ನೋಡಿದಳು.

"ಅದೊಂದು ಬ್ಯಾಡ ಅಕ್ಕಾ," ಅಂದ ಗವಿಸಿದ್ದೇಶ್, ಹೆಚ್ಚುಕಡಿಮೆ ಅಳುತ್ತ.

ಅವಳ ಹೆಸರು ಕೂಗಿದರು. ಸೀಟಿ ಊದಿತು.

ಗಾಡಿ ನಿಧಾನವಾಗಿ, ನಡೆದು ಹೋಗುವ ಮನುಷ್ಯನಷ್ಟೇ ನಿಧಾನವಾಗಿ ಸೊನ್ನೆ ಸುತ್ತಿತು. ಅವಳ ಕೈ ಅಲ್ಲಾಡಲಿಲ್ಲ. ಬಲ ಮೊಣಕಾಲು ಒತ್ತಿದಾಗ ಬಂಡಲ್ ವಾಲಿತು, ಗಾಡಿ ತಿರುಗಿತು. ನಡುವಿನ ಕತ್ತರಿ ದಾಟುವಾಗ ಎಡಗಾಲು ಒಂದು ಬೆರಳಷ್ಟು ಕೆಳಗೆ ಬಂತು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಕಾಲು ಮತ್ತೆ ಮೇಲೆ ಹೋಗಿ ಬಂಡಲಿಗೆ ಅಂಟಿಕೊಂಡಿತು. ಎರಡನೆಯ ಸೊನ್ನೆ ಸುತ್ತಿ, ಗೆರೆಯ ಮೇಲೆಯೇ ಬಂದು ಅವರ ಮುಂದೆ ನಿಂತಳು.

"ಪಾಸು," ಅಂದರು ಇನ್‌ಸ್ಪೆಕ್ಟರು.

ಸಹಿ, ಸೀಲು ಎಲ್ಲ ಮುಗಿದು ಕಾಗದ ಕೈಗೆ ಬಂದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇತ್ತು. ನಾವು ಹೋ ಅಂತ ಕೂಗಿಕೊಂಡು ಅವಳ ಕಡೆ ಓಡಿದೆವು. ಅವಳು ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು, "ಹನ್ನೆರಡಕ್ಕ ಹೆಸರು ಬರಿತಾರ! ಸರೀರಿ, ಸರೀರಿ!" ಅಂತ ನಮ್ಮನ್ನೆಲ್ಲ ಆಚೆ ಈಚೆ ಮಾಡಿ ಗೇಟು ದಾಟಿ ಹೋದಳು. ಬಂಡಲ್ ಗಾಡಿಯ ಮೇಲೆಯೇ ಇತ್ತು. ನಮ್ಮ ಬೂಟು ಅದರೊಳಗಿದ್ದವು. ಜಾಕೆಟ್ಟಿನ ಕಿಸೆಗಳಲ್ಲಿ ಬೈಕಿನ ಚಾವಿ, ಮೊಬೈಲು, ದುಡ್ಡು, ಎಲ್ಲ ಇದ್ದವು.

ಇನ್‌ಸ್ಪೆಕ್ಟರು ನಮ್ಮ ಬೈಕುಗಳನ್ನು ನೋಡಿದರು, ನಮ್ಮ ಕಾಲುಚೀಲಗಳನ್ನು ನೋಡಿದರು. "ಇವು ನಿಮ್ಮವಾ?"

"ಹೌದು ಸರ್."

"ಹೆಲ್ಮೆಟ್?"

"ಹೋದವು ಸರ್."

"ಲೈಸೆನ್ಸ್?"

"ಅವೂ ಆ ಗಂಟಿನೊಳಗ ಹೋದವು ಸರ್," ಅಂದ ಗವಿಸಿದ್ದೇಶ್.

ಒಳ್ಳೆಯ ಮನುಷ್ಯ, ಬೈಕುಗಳನ್ನು ಬೇವಿನ ಮರದ ಕೆಳಗೆ ಬಿಟ್ಟು ಹೋಗಿ ಅಂದರು. ಕೌಲ್ ಬಜಾರಿನ ತನಕ ಬಿಸಿಲಲ್ಲಿ, ಕಾಲುಚೀಲದಲ್ಲಿ ನಡೆದೆವು. ಆಟೋ ಹತ್ತಲು ಯಾರ ಹತ್ತಿರವೂ ಬಿಡಿಗಾಸಿಲ್ಲ. ದಾರಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬಳು, "ಯಾವ ದೇವ್ರಿಗೆ ಹರಕಿ ಹೊತ್ತೀರಪ್ಪಾ?" ಅಂತ ಭಕ್ತಿಯಿಂದ ಕೇಳಿದಳು. "ಗಂಗಮ್ಮಗ," ಅಂದ ಕಾರ್ಯದರ್ಶಿ. ಅಜ್ಜಿ ಕೈ ಮುಗಿದಳು. ಗವಿಸಿದ್ದೇಶ್ ಎರಡು ಸಲ ನೆರಳಲ್ಲಿ ಕೂತ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಸಮಯಕ್ಕೆ ಮುಟ್ಟಿದಳೋ ಇಲ್ಲವೋ.

ಯೂನಿಟ್ಟಿನ ಬಾಗಿಲಲ್ಲಿ ಅಶ್ಫಾಕ್ ಭಾಯಿ ಚಹಾ ಕುಡಿಯುತ್ತ ನಿಂತಿದ್ದರು. ಒಳಗೆ ಗಂಗಕ್ಕ ಕಾಣಲಿಲ್ಲ.

"ಏನಾತು ಭಾಯಿ? ಬಂದ್ಲಾ?"

"ಬಂದ್ಲು, ಹೋದ್ಲು. ಮೋಕದವ್ರು ಆಗಲೇ ಕುಂತಿದ್ರು, ಪೆನ್ನು ನನ್ನ ಕೈಯಾಗಿತ್ತು. ಎಂಟು ನಿಮಿಷ ಇರೂವಾಗ ಕಾಗದ ತಂದು ಮೇಜಿನ ಮ್ಯಾಲ ಬಡದ್ಲು. ಹುಣಸಿಮಟ್ಟಿ ಅಂತ ಬರ್ದೆ. ಮೊದಲ್ನೇ ಬಂಡಲ್ ಹಾಕ್ಕೊಂಡು ಹೋಗ್ಯಾಳ, ಈಗ ಕುರುಗೋಡು ದಾಟಿರ್ತಾಳ."

ನನಗೆ ಕಣ್ಣಲ್ಲಿ ನೀರು ಬಂತು. ಬೆವರು ಅಂತ ಹೇಳಿಕೊಂಡೆ, ಯಾರೂ ನಂಬಲಿಲ್ಲ. ಅಂಗಾಲಲ್ಲಿ ಬೊಬ್ಬೆ ಎದ್ದಿದ್ದರೂ ಐವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ನಮ್ಮ ಸಾಮಾನು ಕಟಿಂಗ್ ಮೇಜಿನ ಕೆಳಗೆ ರಾಶಿ ಬಿದ್ದಿತ್ತು. ಬಗ್ಗಿ ಬೂಟು ಹುಡುಕುತ್ತಿದ್ದಾಗ ಅಶ್ಫಾಕ್ ಭಾಯಿ, "ನಿಮಗೊಂದು ಮಾತು ಹೇಳಿ ಹೋಗ್ಯಾಳ," ಅಂದರು.

"ಏನಂದ್ಲು?"

"ದಸರಾ ಕೆಲಸ ಭಾಳ ಐತಿ, ಒಬ್ಬಾಕಿ ಕೈಲಿ ಆಗಂಗಿಲ್ಲ. ಐವರೂ ಲೈಸೆನ್ಸ್ ಇದ್ದೋರು, ಗಾಡಿನೂ ಗಟ್ಟಿ ಅದಾವು. ಐತವಾರ ಹೆಂಗೂ ಸುಮ್ನ ಗುಡ್ಡ ಹತ್ತಾಕ ಬರ್ತಾರಲ್ಲ, ಹೇರಿ ಕಳಿಸ್ರಿ ಅಂದ್ಲು." ಚಹಾದ ಲೋಟದಿಂದ ಗೋಡೆಯ ಕಡೆ ತೋರಿಸಿದರು.

ಗೋಡೆಗೆ ಐದು ಬಂಡಲ್ ಸಾಲಾಗಿ ಒರಗಿದ್ದವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಹೆಸರು ಬರೆಸಿದ್ದಳು. ನನ್ನ ಬಂಡಲ್ ಎಲ್ಲಕ್ಕಿಂತ ದೊಡ್ಡದಿತ್ತು.